ಬಲಗಡೆಯಿಂದ ಮೊದಲು

ಕನ್ನಡಕ ತೆಗೆದರೆ ಆಬಿದಾಗೆ ಗೇಣಿನಾಚೆಯ ಲೋಕವೆಲ್ಲ ಮಂಜು. ಹಡ್ಸನ್ ನದಿಯ ದಂಡೆಯ ಜಪಾನಿ ಸ್ನಾನದ ಮನೆಗೆ ಹೊರಟ ಶನಿವಾರ ಅವಳಿಗೆ ಇದೇ ದೊಡ್ಡ ಸಮಾಧಾನವಾಗಿತ್ತು. ಅಲ್ಲಿ ಎಲ್ಲರೂ ಬರಿಮೈಯಲ್ಲೇ ಇರಬೇಕಂತೆ. ಇರಲಿ, ಬೇರೆಯವರ ಮೈ ತನಗೆ ಕಾಣಿಸುವುದಿಲ್ಲ. ತನ್ನನ್ನು ಯಾರಾದರೂ ನೋಡಿದರೂ ಅವರು ನೋಡುತ್ತಿರುವುದು ತನಗೆ ಕಾಣಿಸುವುದಿಲ್ಲ. ಐವತ್ತಮೂರರ ಹೆಂಗಸಿಗೆ ಅಷ್ಟು ಮರೆ ಸಾಕು ಎಂದುಕೊಂಡಿದ್ದಳು.

ಹೋಗೋಣ ಎಂದು ಹಟ ಹಿಡಿದವಳು ಹಂಸಿನಿ. ವುಡ್‌ಬ್ರಿಡ್ಜ್‌ನ ಸಂಜೆ ತರಗತಿಯಲ್ಲಿ ಇಬ್ಬರೂ ಒಂದೇ ಮೇಜಿನವರು. ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ ಕಲಿಸುವ ಕೋರ್ಸು, ಮಂಗಳವಾರ ಮತ್ತು ಗುರುವಾರ. ಮೈಸೂರಿನ ಮಂಡಿ ಮೊಹಲ್ಲಾದ ಆಬಿದಾ ಮೆಟುಚೆನ್‌ಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ಮೆಹಬೂಬ್‌ನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಎಳೆದೂ ಎಳೆದೂ ಬಲಭುಜ ಹಿಡಿದುಹೋಗಿತ್ತು. ಹಂಸಿನಿಗೆ ಇನ್ನೂ ಇಪ್ಪತ್ತೊಂಬತ್ತು. ಬೆಂಗಳೂರಿನ ಬಸವೇಶ್ವರನಗರದವಳು, ಮದುವೆಯಾಗಿ ಪ್ಲೇನ್ಸ್‌ಬರೋಗೆ ಬಂದು ಮೂರು ವರ್ಷ, ಗಂಡನ ವೀಸಾದ ಬಾಲಕ್ಕೆ ಕಟ್ಟಿದ ಡಿಪೆಂಡೆಂಟ್ ವೀಸಾ. ಆ ಗಂಡ, ಧ್ರುವ್, ಪ್ರತಿ ತರಗತಿಗೂ ತಾನೇ ಡ್ರೈವ್ ಮಾಡಿ ತಂದು ಬಿಡುತ್ತಿದ್ದ. ಮುಗಿಯುವ ತನಕ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ಕಾಯುತ್ತಿದ್ದ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಎಲ್ಲರನ್ನೂ ನಗಿಸುವವನು ಅವನೇ. ಎಂಥ ಗಂಡ ಸಿಕ್ಕಿದ್ದಾನಮ್ಮ ಎಂದು ತರಗತಿಯ ಹೆಂಗಸರು ಹಂಸಿನಿಯನ್ನು ರೇಗಿಸುತ್ತಿದ್ದರು. ಆಬಿದಾ ಕೂಡ ರೇಗಿಸಿದ್ದಳು. ಆಗೆಲ್ಲ ಹಂಸಿನಿ ಪುಸ್ತಕದ ಅಂಚಿನಲ್ಲಿ ಸಣ್ಣ ಸಣ್ಣ ಚೌಕ ಬರೆಯುತ್ತ ಕೂರುತ್ತಿದ್ದಳು.

ಆಬಿದಾಗೆ ಅಂಗಡಿಯ ಕೆಲಸವಲ್ಲದೆ ಇನ್ನೊಂದು ಕೆಲಸವೂ ಇತ್ತು. ಹತ್ತಿರದ ಮಸೀದಿಯಲ್ಲಿ ತೀರಿಹೋದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವ ನಾಲ್ವರಲ್ಲಿ ಅವಳೊಬ್ಬಳು. ಫೋನ್ ಬಂದರೆ ಇಸ್ತ್ರಿಪೆಟ್ಟಿಗೆ ಆರಿಸಿ ಹೊರಡುತ್ತಿದ್ದಳು. ಆ ಸ್ನಾನಕ್ಕೆ ಅದರದೇ ಕ್ರಮವಿದೆ. ಮೈಮೇಲೆ ಬಟ್ಟೆ ಹೊದಿಸಿ, ಬಟ್ಟೆಯಡಿಯಲ್ಲಿ ಕೈಯಾಡಿಸಿ ತೊಳೆಯಬೇಕು, ಇಣುಕಿ ನೋಡಬಾರದು. ಮೊದಲು ಬಲಗಡೆ, ಆಮೇಲೆ ಎಡಗಡೆ. ಮೂರು ಸಲ. ಕೊನೆಯ ನೀರಿಗೆ ಕರ್ಪೂರ. ಮತ್ತು ಅಲ್ಲಿ ಕಂಡದ್ದನ್ನು, ಕೈಗೆ ಸಿಕ್ಕಿದ್ದನ್ನು, ಹೊರಗೆ ಯಾರ ಬಳಿಯೂ ಆಡಬಾರದು.

ಈ ಕೊನೆಯ ಮಾತನ್ನು ಅವಳು ತರಗತಿಯಲ್ಲಿ ಹೇಳಿಬಿಟ್ಟಿದ್ದಳು. ಅಕ್ಟೋಬರಿನಲ್ಲಿ ರೋಗಿಗಳ ಗುಟ್ಟು ಕಾಯುವ ಕಾನೂನಿನ ಪಾಠ ನಡೆದಿತ್ತು. ಯಾವತ್ತೂ ಕೈ ಎತ್ತದ ಆಬಿದಾ ಅವತ್ತು ಎತ್ತಿದಳು. ತಮ್ಮಲ್ಲಿ ಈ ನಿಯಮ ಸಾವಿರದ ನಾನೂರು ವರ್ಷದಿಂದ ಇದೆ, ಹೆಣದ ಮೇಲೆ ಏನು ಕಂಡರೂ ತೊಳೆದವಳು ಮುಚ್ಚಿಡುತ್ತಾಳೆ, ತಾನು ಇಷ್ಟು ವರ್ಷದಲ್ಲಿ ಗಂಡನಿಗೂ ಹೇಳಿಲ್ಲ ಎಂದಳು. ಇಂಗ್ಲಿಷ್ ಎರಡು ಕಡೆ ತೊದಲಿತು. ಆದರೂ ಟೀಚರ್ ಬೋರ್ಡ್ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಆಬಿದಾ ಮನೆಗೆ ಹೋಗಿ, ಹಾಗೆ ಹೇಳಿದ್ದು ಜಂಬವಾಯಿತೇ ಎಂದು ಎರಡು ದಿನ ಕೊರಗಿದ್ದಳು. ಹಂಸಿನಿ ಅವತ್ತು ಚೌಕ ಬರೆಯುವುದನ್ನು ನಿಲ್ಲಿಸಿ ತನ್ನನ್ನೇ ದಿಟ್ಟಿಸಿದ್ದನ್ನು ಮಾತ್ರ ಮರೆತಿದ್ದಳು.

ಅದಾದ ಮೇಲೆ ಹಂಸಿನಿ ಈ ಸ್ನಾನದ ಮನೆಯ ಮಾತೆತ್ತಿದಳು. ನದಿಯಾಚೆಗೆ ಮ್ಯಾನ್‌ಹಟನ್ ಕಾಣುವ ಕಡೆ, ಜಪಾನಿನವರೇ ಹೆಚ್ಚಾಗಿರುವ ಬೀದಿಯಲ್ಲಿ, ಒಬ್ಬ ಮುದುಕಿ ನಡೆಸುವ ಸಣ್ಣ ಜಾಗ. ಬಿಸಿನೀರಿನ ಬುಗ್ಗೆಯ ಖನಿಜಗಳನ್ನು ಜಪಾನಿನಿಂದ ತರಿಸಿ ನೀರಿಗೆ ಹಾಕುತ್ತಾರೆ, ಭುಜದ ನೋವು ಹೂವೆತ್ತಿದ ಹಾಗೆ ಇಳಿಯುತ್ತದೆ ಎಂದೆಲ್ಲ ಹೇಳಿದಳು. ಆಬಿದಾ ಬೇಡವೆಂದರೂ ಬಿಡಲಿಲ್ಲ. ಅಲ್ಲಿ ಒಳಗೆ ಫೋನ್ ಬಿಡೋದಿಲ್ಲ ಆಂಟಿ ಎಂಬುದನ್ನು ಮೂರು ಸಲ ಹೇಳಿದಳು. ನೆಮ್ಮದಿ ಹುಡುಕುವ ಈ ಕಾಲದ ಹುಡುಗಿ ಎಂದು ಆಬಿದಾ ಅರ್ಥಮಾಡಿಕೊಂಡಳು.

ಶನಿವಾರ ಹನ್ನೆರಡಕ್ಕೆ ಧ್ರುವ್‌ನ ಬೂದುಬಣ್ಣದ ಕಾರು ಮೆಟುಚೆನ್‌ನ ಮನೆಯ ಮುಂದೆ ನಿಂತಿತು. ಅವನು ಇಳಿದು ಬಂದು ಆಬಿದಾಗೆ ಕೈಮುಗಿದ, ಭುಜ ಹೇಗಿದೆ ಎಂದು ಕೇಳಿದ, ಅವಳ ಫೋನ್ ನಂಬರನ್ನು ತನ್ನ ಫೋನಿಗೆ ಸೇರಿಸಿಕೊಂಡ.

"ನಾಲ್ಕು ಗಂಟೆಗೆ ಇಲ್ಲೇ ಬರ್ತೀನಿ ಆಂಟಿ. ಲೈಬ್ರರಿ ಬುಕ್ ಥರ, ಟೈಮಿಗೆ ಸರಿಯಾಗಿ ವಾಪಸ್ ಕೊಡಬೇಕು. ಹಾಳೆಗೀಳೆ ಮಡಚಬಾರದು."

ಆಬಿದಾ ನಕ್ಕಳು. ಹಂಸಿನಿಯೂ ನಕ್ಕಳು, ಒಂದು ಕ್ಷಣ ತಡವಾಗಿ.

ಆಬಿದಾಳ ಕೊರೋಲಾ ಟರ್ನ್‌ಪೈಕ್ ಹೆದ್ದಾರಿ ಹಿಡಿದ ಮೇಲೆ ಹಂಸಿನಿ ಹೆಚ್ಚು ಮಾತಾಡಲಿಲ್ಲ. ಮಡಿಲಲ್ಲಿದ್ದ ಅವಳ ಫೋನು ಹತ್ತು ನಿಮಿಷಕ್ಕೊಮ್ಮೆ ಮಿಣುಕುತ್ತಿತ್ತು, ಅವಳು ಒಂದೆರಡು ಅಕ್ಷರ ಒತ್ತಿ ಮತ್ತೆ ಬೋರಲು ಇಡುತ್ತಿದ್ದಳು. ಮೋಡ ಕವಿದ ಡಿಸೆಂಬರಿನ ಮಧ್ಯಾಹ್ನ. ರಸ್ತೆಯ ಅಂಚಿನಲ್ಲಿ ವಾರದ ಹಿಂದಿನ ಹಿಮ ಕಪ್ಪಾಗಿ ರಾಡಿಯಾಗಿತ್ತು.

ಸ್ನಾನದ ಮನೆ ಒಂದು ಲಾಂಡ್ರಿಯ ಹಿಂಬದಿಯಲ್ಲಿತ್ತು. ಬಾಗಿಲಿಗೆ ನೀಲಿ ಬಟ್ಟೆಯ ಪರದೆ, ಅದರ ಮೇಲೆ ದೊಡ್ಡದಾಗಿ ಒಂದೇ ಒಂದು ಜಪಾನಿ ಅಕ್ಷರ. ಒಳಗೆ ಕಾಲಿಟ್ಟೊಡನೆ ಚಪ್ಪಲಿ ಗೂಡುಗಳು. ಶೂ ಒಳಗಿಟ್ಟು ಗೂಡಿನ ಬಾಗಿಲಿನಿಂದ ಒಂದು ಮರದ ಬಿಲ್ಲೆ ಎಳೆದರೆ ಬೀಗ ಬೀಳುತ್ತದೆ, ಆ ಬಿಲ್ಲೆಯೇ ಬೀಗದ ಕೈ. ಎತ್ತರದ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಹೆಸರು ಫುಮಿ. ಅವಳು ಎರಡು ಬಿಲ್ಲೆಗಳನ್ನೂ ಕೈಚಾಚಿ ತೆಗೆದುಕೊಂಡು ಮೊಳೆಗೆ ನೇತುಹಾಕಿದಳು. ಹಿಂದಿನ ಗೋಡೆಯ ತುಂಬ ಚಿತ್ರಗಳಲ್ಲಿ ಬರೆದ ನಿಯಮಗಳು. ಮೊದಲು ಸ್ಟೂಲಿನ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಳ್ಳಿ. ಸೋಪಿನ ನೊರೆ ಪಕ್ಕದವರಿಗೆ ಹಾರಿಸಬೇಡಿ. ಟವೆಲನ್ನು ತೊಟ್ಟಿಯಲ್ಲಿ ಅದ್ದಬೇಡಿ. ಫೋನ್ ಬೇಡ. ಓಡಬೇಡಿ. ಆಬಿದಾ ಒಂದೊಂದನ್ನೂ ಎರಡೆರಡು ಸಲ ನೋಡಿ ಬಾಯಿಪಾಠ ಮಾಡಿಕೊಂಡಳು. ಇಪ್ಪತ್ತೆರಡು ವರ್ಷ ಒಂದು ಪರದೇಶವನ್ನು ಕಲಿಯುವುದರಲ್ಲೇ ಕಳೆದಿತ್ತು. ಈಗ ಆ ಪರದೇಶದ ಹೊಟ್ಟೆಯೊಳಗೆ ಇನ್ನೊಂದು ಪರದೇಶ.

ಅವಳು ಮೆಹಬೂಬ್‌ನ ಹೊಸ ಲುಂಗಿಯೊಂದನ್ನು ಚೀಲದಲ್ಲಿ ತಂದಿದ್ದಳು. ಹೆಂಗಸರ ನಡುವೆಯೂ ಹೊಕ್ಕುಳಿಂದ ಮಂಡಿಯ ತನಕ ಮುಚ್ಚಿಕೊಳ್ಳುವುದು ತಮ್ಮ ಪದ್ಧತಿ ಎಂದು ಫುಮಿಗೆ ಹೇಳಲು ಹೋಗಿ ಮಾತು ಸಿಕ್ಕಿಕೊಂಡಿತು. ಫುಮಿ ಲುಂಗಿಯನ್ನು ಮುಟ್ಟಿ ನೋಡಿದಳು. ತೊಳೆಯುವ ಜಾಗದಲ್ಲಿ ಬಟ್ಟೆ ಪರವಾಗಿಲ್ಲ, ತೊಟ್ಟಿಯೊಳಗೆ ಮಾತ್ರ ಬೇಡ ಎಂದು ತುಂಡು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು. ಹಾಗಾದರೆ ತಾನು ತೊಟ್ಟಿಗೆ ಇಳಿಯುವುದಿಲ್ಲ, ತೊಳೆಯುವ ಜಾಗದಲ್ಲೇ ಭುಜಕ್ಕೆ ಬಿಸಿನೀರು ಸುರಿದುಕೊಳ್ಳುತ್ತೇನೆ ಎಂದು ಆಬಿದಾ ನಿರ್ಧರಿಸಿದಳು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹಂಸಿನಿ ಮೊದಲು ಫೋನನ್ನು ಲಾಕರಿನೊಳಗೆ ಇಟ್ಟಳು. ಅದು ಒಳಗೇ ಗುರ್ರೆಂದಿತು. ಅವಳು ಬಾಗಿಲು ಮುಚ್ಚಿ, ಅದಕ್ಕೆ ಹಣೆ ಒರಗಿಸಿ ಒಂದು ಉಸಿರು ಬಿಟ್ಟಳು. ಆಬಿದಾ ಗೋಡೆಯ ಕಡೆ ತಿರುಗಿ ಲುಂಗಿ ಸುತ್ತಿಕೊಂಡಳು, ಕನ್ನಡಕ ಬಿಚ್ಚಿಟ್ಟಳು. ಲೋಕ ಮಂಜಾಯಿತು.

ಗಾಜಿನ ಬಾಗಿಲು ಸರಿಸಿದಾಗ ಹಬೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಒಂದು ವಾಸನೆ. ಆಬಿದಾಳ ಕಾಲು ಅಲ್ಲೇ ನಿಂತಿತು. ಕರ್ಪೂರ. ತೊಟ್ಟಿಯ ಮೂಲೆಯಲ್ಲಿ ಬಟ್ಟೆಯ ಗಂಟೊಂದು ತೇಲುತ್ತಿದೆ, ಯಾವುದೋ ಮರದ ಎಲೆ ಚಕ್ಕೆಗಳಂತೆ, ಚಳಿಗಾಲದಲ್ಲಿ ಮೈಗೆ ಒಳ್ಳೆಯದಂತೆ ಎಂದು ಹಂಸಿನಿ ಕಿವಿಯಲ್ಲಿ ವಿವರಿಸಿದಳು. ಆಬಿದಾ ತಲೆಯಾಡಿಸಿದಳು. ಆದರೆ ಅವಳ ಮೂಗಿಗೆ ಗೊತ್ತಿದ್ದದ್ದು ಒಂದೇ. ಕರ್ಪೂರ ಕೊನೆಯ ನೀರಿನದು. ಅದಾದ ಮೇಲೆ ತೊಳೆಯಲು ಏನೂ ಉಳಿದಿರುವುದಿಲ್ಲ.

ಒಳಗೆ ನಾಲ್ಕೈದು ಮಂದಿ ಇದ್ದರು. ಮಂಜಿನೊಳಗಿನ ಬಿಳಿಯ ಆಕಾರಗಳು, ಇವರನ್ನು ಕಂಡು ಮಾತು ತಗ್ಗಿಸಿ ಮತ್ತೆ ಎತ್ತಿಕೊಂಡವು. ಸಾಲಾಗಿ ನಲ್ಲಿಗಳು, ಮುಂದೆ ಮೊಣಕಾಲೆತ್ತರದ ಸ್ಟೂಲುಗಳು, ಹಳದಿ ಬಕೆಟುಗಳು. ಹಂಸಿನಿಯ ಆಚೆ ಬದಿಗೆ ಒಬ್ಬ ಅಜ್ಜಿ ಏನೋ ಗುನುಗುತ್ತ ತೊಳೆದುಕೊಳ್ಳುತ್ತಿದ್ದಳು. ತಲೆಬಾಗಿಸಿ ಸ್ವಾಗತಿಸಿದಳು, ತನ್ನ ಸೋಪನ್ನೂ ಮುಂದೆ ನೂಕಿದಳು. ಹಂಸಿನಿ ಹೆಗಲ ಮೇಲಿದ್ದ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಗುನುಗು ನಿಂತಿತು.

ಅಜ್ಜಿ ಬಕೆಟಿನಲ್ಲಿದ್ದ ನೀರನ್ನು ಮೆಲ್ಲಗೆ ಚೆಲ್ಲಿದಳು. ಸೋಪನ್ನು ಅಲ್ಲೇ ಬಿಟ್ಟು ಎದ್ದಳು. ಗಾಜಿನ ಬಾಗಿಲು ಸರಿದ ಸದ್ದು, ಮತ್ತೆ ಮುಚ್ಚಿದ ಸದ್ದು. ಉಳಿದವರ ಮಾತೂ ಒಂದೊಂದಾಗಿ ಇಂಗಿತು. ಈಗ ಕೇಳುತ್ತಿದ್ದದ್ದು ಬರೀ ನೀರು.

ಆಬಿದಾ ತನ್ನ ನಲ್ಲಿಯನ್ನು ನಿಲ್ಲಿಸಿದಳು. ತಾವು ಏನೋ ತಪ್ಪು ಮಾಡಿದೆವು. ನೊರೆ ಹಾರಿತೇ? ಲುಂಗಿಯೇ ಕಾರಣವೇ? ಗೋಡೆಯ ಚಿತ್ರಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ತಿರುವಿದಳು, ಯಾವುದೂ ತಾಳೆಯಾಗಲಿಲ್ಲ. ಎದ್ದು ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡಳು. ಪರದೇಶದವರು ಬಂದು ಜಾಗ ಕೆಡಿಸಿದರು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು. ಅಷ್ಟರಲ್ಲಿ ಹಂಸಿನಿ ಅವಳಿಗೆ ಬೆನ್ನು ಮಾಡಿ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡಳು.

"ಆಂಟಿ, ಇಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜೋದು ಪದ್ಧತಿಯಂತೆ. ನೀವು ಉಜ್ತೀರಾ?"

ಪದ್ಧತಿ ಎಂದ ಮೇಲೆ ಆಬಿದಾ ಇಲ್ಲವೆನ್ನುವವಳಲ್ಲ. ಅಲ್ಲಿದ್ದ ಚೊಂಬಿನಲ್ಲಿ ನೀರು ತೆಗೆದು ಕೈ ಮೇಲೆ ಬಿಟ್ಟು ಬಿಸಿ ನೋಡಿದಳು. ದೃಷ್ಟಿ ತಗ್ಗಿಸಿದಳು. ಹೇಗೂ ಕಾಣುವುದಿಲ್ಲ, ಆದರೂ ತಗ್ಗಿಸಿದಳು. ಮತ್ತೆ ಕೈ ತಾನಾಗಿಯೇ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಬಲಭುಜದ ಮೇಲೆ ನೀರು, ಅಲ್ಲಿಂದ ಕೆಳಗೆ ತೋಳು, ಮೊಣಕೈ, ಪಕ್ಕೆ. ಅಂಗೈ ಚಪ್ಪಟೆಯಾಗಿ, ಅವಸರವಿಲ್ಲದೆ, ಒತ್ತದೆ. ಒಂದು ಸಲ ಆಯಿತು. ಎರಡನೆಯ ಸಲಕ್ಕೆ ನೀರು ತೆಗೆದುಕೊಂಡಾಗ ಹಂಸಿನಿ ಕೇಳಿದಳು.

"ಅವರಿಗೂ ಹೀಗೇ ಮಾಡ್ತೀರಾ ಆಂಟಿ? ಬಲಗಡೆಯಿಂದ?"

ಆಬಿದಾಳ ಕೈ ಗಾಳಿಯಲ್ಲಿ ನಿಂತಿತು. ಬದುಕಿರುವ ಹುಡುಗಿಗೆ ತಾನು ಮಾಡಿಸುತ್ತಿದ್ದದ್ದು ಯಾವ ಸ್ನಾನವೆಂದು ಆಗ ತಿಳಿಯಿತು. ತೌಬಾ ಎಂದು ತುಟಿಯೊಳಗೇ ಅಂದುಕೊಂಡಳು. ಈ ತಪ್ಪನ್ನು ಸರಿಮಾಡಬೇಕೆಂದು ಗಾಬರಿಯಲ್ಲಿ ಕ್ರಮ ತಪ್ಪಿಸಿ ಎಡತೋಳನ್ನು ಗಟ್ಟಿಯಾಗಿ ಹಿಡಿದು ಉಜ್ಜಹೋದಳು.

ಹಂಸಿನಿ ಬೆಚ್ಚಿಬಿದ್ದಳು. ಬಾಯಿಂದ ಸದ್ದು ಬರಲಿಲ್ಲ, ಇಡೀ ಬೆನ್ನು ಒಮ್ಮೆ ಬಿಗಿಯಾಯಿತು.

ಆಬಿದಾ ಬೆರಳು ಸಡಿಲಿಸಿದಳು, ಆದರೆ ತೆಗೆಯಲಿಲ್ಲ. ಹನ್ನೊಂದು ವರ್ಷ ಬಟ್ಟೆಯಡಿಯಲ್ಲಿ ಕಾಣದೆ ತೊಳೆದ ಬೆರಳುಗಳು. ತೋಳಿನ ಹೊರಬದಿಗೆ ನಾಲ್ಕು ಗಂಟು, ಸಾಲಾಗಿ. ಒಳಬದಿಗೆ ಒಂದು. ಅವಳ ನಾಲ್ಕು ಬೆರಳು ಆ ನಾಲ್ಕರ ಮೇಲೂ ಹೆಬ್ಬೆರಳು ಆ ಒಂದರ ಮೇಲೂ ಸರಿಯಾಗಿ ಕೂತವು, ಸ್ವಲ್ಪ ಅಗಲಿಸಿದ ಮೇಲೆ. ಹಿಡಿದ ಕೈ ಇವಳದಕ್ಕಿಂತ ದೊಡ್ಡದು. ಬಲಪಕ್ಕೆಯ ಮೇಲೆ, ಮೊದಲ ಸಲ ಒತ್ತದೆ ದಾಟಿದ್ದ ಕಡೆ, ಅಂಗೈಯಗಲದ ಊತ. ಭುಜದ ಮೂಳೆಯ ಕೆಳಗೆ ಇನ್ನೊಂದು, ಹಳೆಯದು, ಒಳಗೆ ಗಟ್ಟಿಯಾದದ್ದು. ಇಂಥವು ಅವಳ ಬೆರಳಿಗೆ ಹೊಸದಲ್ಲ. ಹೊಸದಾಗಿದ್ದದ್ದು ಎಂದರೆ ಇವು ಬಿಸಿಯಾಗಿದ್ದವು. ಆ ಇನ್ನೊಬ್ಬಳ ಮೈಮೇಲಿನವು ತಣ್ಣಗಿದ್ದವು.

ಆ ಇನ್ನೊಬ್ಬಳಿಗೆ ಮೂವತ್ತು ತುಂಬಿರಲಿಲ್ಲ. ಎರಡು ವರ್ಷದ ಹಿಂದೆ, ರಂಜಾನಿಗೆ ಮುಂಚೆ. ಬೇಸ್‌ಮೆಂಟಿನ ಮೆಟ್ಟಿಲಿಂದ ಬಿದ್ದಳು ಎಂದಿದ್ದರು. ಕಾಗದಪತ್ರದಲ್ಲೂ ಹಾಗೇ ಇತ್ತು. ಆಬಿದಾ ಬಲಗಡೆ ನಿಂತಿದ್ದಳು, ಹಿರಿಯಳಾದ ಸಲ್ಮಾ ತಲೆಯ ಕಡೆ. ತೋಳಿನ ಬಳಿ ಬಟ್ಟೆ ಸರಿದಾಗ ಹಳದಿ, ಹಸಿರು, ನೀಲಿ, ಬೇರೆ ಬೇರೆ ದಿನಗಳ ಬಣ್ಣ ಕಂಡಿತು. ಮೆಟ್ಟಿಲಿಂದ ಒಂದೇ ದಿನ ಬಿದ್ದರೆ ಬಣ್ಣವೂ ಒಂದೇ ಇರಬೇಕಲ್ಲ ಎನ್ನಿಸಿತು. ಸಲ್ಮಾಳ ಮುಖ ನೋಡಿದಳು. ಸಲ್ಮಾ ಬಟ್ಟೆ ಎಳೆದು ಮುಚ್ಚಿ, ಮುಚ್ಚುವುದೇ ನಮ್ಮ ಕೆಲಸ ಎಂದಳು. ಆಬಿದಾ ಮುಚ್ಚಿದಳು. ತಾನು ಡಾಕ್ಟರಲ್ಲ, ಪೊಲೀಸಲ್ಲ, ಸರಿಯಾಗಿ ಕಂಡಿತೋ ಇಲ್ಲವೋ ಅದೂ ಖಾತ್ರಿಯಿಲ್ಲ. ಹನ್ನೊಂದು ತಿಂಗಳಾದ ಮೇಲೆ ಮಸೀದಿಯಲ್ಲಿ ನಡೆದ ತರಬೇತಿಯಲ್ಲಿ ಗುರುಗಳು ಬಿಡಿಸಿ ಹೇಳಿದರು. ಮುಚ್ಚಿಡಬೇಕಾದದ್ದು ಸತ್ತವರ ಕುಂದನ್ನು. ಅವರ ಮೇಲೆ ಬೇರೊಬ್ಬರು ಮಾಡಿದ ಗಾಯ ಅವರ ಕುಂದಲ್ಲ, ಅದನ್ನು ಹೇಳದಿರುವುದೇ ತಪ್ಪು. ಆಬಿದಾ ಮನೆಗೆ ಬಂದು ಎರಡು ದಿನ ಅನ್ನ ಮುಟ್ಟಲಿಲ್ಲ. ಹೇಳಲು ಹೋದರೆ ಈಗ ತೋರಿಸಲು ಏನಿದೆ, ಮಣ್ಣು.

ಇಷ್ಟಾದ ಮೇಲೂ ಅಕ್ಟೋಬರಿನಲ್ಲಿ ತರಗತಿಯಲ್ಲಿ ಎದ್ದು ನಿಂತು ಆ ನಿಯಮವನ್ನು ಹೊಗಳಿದ್ದಳು. ಚಪ್ಪಾಳೆ ತೆಗೆದುಕೊಂಡಿದ್ದಳು.

"ನೀವು ಯಾರಿಗೂ ಹೇಳಲ್ಲ ಅಲ್ವಾ ಆಂಟಿ," ಹಂಸಿನಿ ನಲ್ಲಿಯ ಕಡೆ ಮುಖ ಮಾಡಿಯೇ ಅಂದಳು. ದನಿ ಸಮಾಧಾನವಾಗಿತ್ತು, ಅಡ್ರೆಸ್ ಬರೆಸುವವರ ಹಾಗೆ. "ಕ್ಲಾಸಲ್ಲಿ ನೀವೇ ಹೇಳಿದ್ರಿ. ಅದಕ್ಕೇ ಕರ್ಕೊಂಡ್ಬಂದೆ. ಬಾಯಲ್ಲಿ ಹೇಳಕ್ಕೆ ನನಗೆ ಬರಲ್ಲ. ಒಬ್ರಿಗೆ ಗೊತ್ತಿದ್ರೆ ಸಾಕು. ನಾಳೆ ನನಗೇನಾದ್ರೂ ಆಗಿ, ಮೆಟ್ಟಿಲಿಂದ ಬಿದ್ಲು ಅಂತ ಅಂದ್ರೆ, ನಿಮಗಾದ್ರೂ ಗೊತ್ತಿರ್ಲಿ, ಬಿದ್ದಿಲ್ಲ ಅಂತ."

ಮೆಟ್ಟಿಲು ಎಂಬ ಮಾತು ಹಬೆಯಲ್ಲಿ ಹಾಗೇ ನಿಂತಿತು. ತನ್ನನ್ನು ಇಲ್ಲಿಗೆ ಕರೆತಂದದ್ದು ಭುಜದ ನೋವಿಗಲ್ಲ. ಈ ಹುಡುಗಿ ತನ್ನ ಕೊನೆಯ ಸ್ನಾನವನ್ನು ಮುಂಚಿತವಾಗಿ ಮಾಡಿಸಿಕೊಳ್ಳುತ್ತಿದ್ದಾಳೆ, ಬಾಯಿಬಿಡದವಳ ಕೈಯಲ್ಲಿ. ಏನು ಹೇಳಬೇಕು, ಹೇಳಿದರೆ ಇವಳ ಗತಿಯೇನು, ಹೇಳದಿದ್ದರೆ ಏನು, ತನಗೇನು ಗೊತ್ತು, ಬರೀ ಬಿಲ್ಲಿಂಗ್ ಕಲಿಯುತ್ತಿರುವವಳಿಗೆ. ಚೊಂಬನ್ನು ಕೆಳಗಿಟ್ಟಳು. ಅದು ಉರುಳಿ ದೂರ ಹೋಯಿತು.

"ಆ ನಿಯಮ ಸತ್ತವರದ್ದಮ್ಮ. ನೀನು ಬದುಕಿದೀಯ. ನಾನು ಇದನ್ನ ಇಟ್ಕೊಳಲ್ಲ."

ಹಂಸಿನಿ ಮೊದಲ ಬಾರಿಗೆ ತಿರುಗಿದಳು. ಮುಖ ಆಬಿದಾಗೆ ಬಿಳಿಯ ಮಸುಕಾಗಿ ಕಂಡಿತಷ್ಟೆ. ಆ ಮಸುಕಿನಿಂದ ಮಾತುಗಳು ಒಂದರ ಮೇಲೊಂದು ಬಿದ್ದವು. ವೀಸಾ ಅವನದು. ವರ್ಕ್ ಪರ್ಮಿಟ್ ಇನ್ನೂ ಬಂದಿಲ್ಲ. ಕೂಟದಲ್ಲಿ ಯಾರೂ ನಂಬುವುದಿಲ್ಲ. ಅಮ್ಮನಿಗೆ ಒಮ್ಮೆ ಸೂಚನೆ ಕೊಟ್ಟಾಗ, ಸ್ವಲ್ಪ ಮುಂಗೋಪ ಗಂಡಸರಿಗೆ ಇರುತ್ತದೆ ಎಂದಿದ್ದರು. ನೀವು ಮಾತು ಕೊಟ್ಟಿದ್ದಿರಿ ಎಂದಳು, ಇದನ್ನು ಮಾತ್ರ ಎರಡು ಸಲ. ಕೊಟ್ಟಿರಲಿಲ್ಲ, ಆದರೂ ಕೊಟ್ಟ ಹಾಗೇ ಇತ್ತು. ಆಬಿದಾ ತನ್ನ ಒಣ ಟವೆಲನ್ನು ಅವಳಿಗೆ ಹೊದಿಸಿ ಎಬ್ಬಿಸಿದಳು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವಳು ಮೊದಲು ಕನ್ನಡಕ ಹಾಕಿಕೊಂಡಳು. ಆಮೇಲೆ, ನೋಡಲಾ ಎಂದು ಕೇಳಿದಳು. ಹಂಸಿನಿ ಟವೆಲ್ ಇಳಿಸಿದಳು. ಆಬಿದಾ ನೋಡಿದಳು. ದೃಷ್ಟಿ ತಗ್ಗಿಸದೆ ನೋಡಿದಳು. ಹಳದಿ, ಹಸಿರು, ನೀಲಿ.

ಲಾಕರಿನಲ್ಲಿ ಹಂಸಿನಿಯ ಫೋನ್ ಮೇಲೆ ಇಪ್ಪತ್ತಮೂರು ತಪ್ಪಿದ ಕರೆಗಳಿದ್ದವು. ಆಬಿದಾಳ ಫೋನಿನಲ್ಲಿ ಆರು. ಅವಳಿಗೆ ಬಂದಿದ್ದ ಮೆಸೇಜು ವಿನಯವಾಗಿತ್ತು: ಹಂಸಿನಿ ಫೋನ್ ಎತ್ತುತ್ತಿಲ್ಲ ಆಂಟಿ, ಚಿಂತೆಯಾಗಿದೆ, ಅವಳ ಲೊಕೇಶನ್ ಕಾಣ್ತಾ ಇದೆ, ನಾನೇ ಬರ್ತಾ ಇದ್ದೀನಿ. ಒಂದು ಗಂಟೆಯ ಹಿಂದಿನದು.

ಬಾಗಿಲಿನ ಪರದೆ ಸರಿಯಿತು. ಇಬ್ಬರೂ ಬೆಚ್ಚಿದರು. ಬಂದವಳು ಫುಮಿ, ಹಿಂದೆ ಸೋಪು ಬಿಟ್ಟು ಹೋಗಿದ್ದ ಅಜ್ಜಿ. ಫುಮಿಯ ಕೈಯಲ್ಲಿ ಇವರಿಬ್ಬರ ಶೂಗಳಿದ್ದವು. ಒಬ್ಬ ಗಂಡಸು ಇಲ್ಲಿಗೆ ಫೋನ್ ಮಾಡಿ, ಇಬ್ಬರು ಇಂಡಿಯನ್ ಹೆಂಗಸರು ಬಂದಿದ್ದಾರಾ ಎಂದು ಕೇಳಿದ, ಯಾರೂ ಇಲ್ಲ, ಇವತ್ತು ಬರೀ ನಮ್ಮವರೇ ಎಂದೆ ಎಂದಳು. ಬೂದು ಕಾರು ಈಗ ಹೊರಗೆ ನಿಂತಿದೆ ಎಂದೂ ಹೇಳಿದಳು. ಅಜ್ಜಿ ಹಂಸಿನಿಯ ತೋಳಿನತ್ತ ಬೆರಳು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ತಲೆ ಬಾಗಿಸಿದಳು. ತಪ್ಪು ತಿಳಿದದ್ದಕ್ಕೆ ಆಬಿದಾಗೆ ನಾಚಿಕೆಯಾಯಿತು. ತಾನು ಗೋಡೆಯ ಚಿತ್ರಗಳಲ್ಲಿ ತಪ್ಪು ಹುಡುಕುತ್ತ ಕೂತಿದ್ದಾಗ ಈ ಮುದುಕಿ ಎದ್ದು ಹೋಗಿ ಹೇಳಿ ಬಂದಿದ್ದಳು.

ಹೊರಗೆ ಕಟ್ಟೆಯ ಬಳಿ ಗಂಡಸಿನ ದನಿ ಕೇಳಿತು, ಇಂಗ್ಲಿಷಿನಲ್ಲಿ, ನಗುನಗುತ್ತ. ಫುಮಿ ತುಟಿಗೆ ಬೆರಳಿಟ್ಟು ಹೊರಟಳು. ಇಬ್ಬರೂ ಒದ್ದೆ ಮೈಮೇಲೇ ಬಟ್ಟೆ ಹಾಕಿಕೊಂಡು ಶೂ ಏರಿಸಿದರು. ಶೂ, ಶೂ ಎಂದು ಅವಳು ಒರಟಾಗಿ ಅನ್ನುವುದು ಕೇಳಿಸಿತು. ದನಿ ಕ್ಷಮೆ ಕೇಳಿತು. ಗೂಡಿನ ಬಾಗಿಲು ಮುಚ್ಚಿದ ಸದ್ದು, ಮರದ ಬಿಲ್ಲೆ ಎಳೆದ ಸದ್ದು, ಅದನ್ನು ಫುಮಿ ಮೊಳೆಗೆ ನೇತುಹಾಕದೆ ಎಲ್ಲೋ ಬಟ್ಟೆಯೊಳಗೆ ಹಾಕಿಕೊಂಡ ಮೌನ. ಆಮೇಲೆ ಅದೇ ದನಿ ಪರದೆಯ ಆ ಬದಿಗೇ ಬಂದು ನಿಂತಿತು. ಕೆಳಗೆ ನುಣುಪಾದ ಬೂದು ಕಾಲುಚೀಲದ ಎರಡು ಪಾದ ಕಂಡವು.

"ಹಂಸಿ, ಹೊರಡೋಣ್ವಾ? ಪಾಪ, ಆಂಟಿಗೆ ತೊಂದರೆ ಕೊಡಬೇಡ."

ಹಂಸಿನಿ ಏಳಲು ಹೋದಳು. ಅಭ್ಯಾಸವಾದ ಕಾಲು. ಆಬಿದಾ ಅವಳ ಕೈ ಹಿಡಿದಳು, ಬಲಗೈ, ಅಲ್ಲಿ ಏಟಿರಲಿಲ್ಲ. ಅಜ್ಜಿ ಆಗಲೇ ಕೋಣೆಯ ಇನ್ನೊಂದು ತುದಿಯಲ್ಲಿದ್ದ ಚಿಕ್ಕ ಬಾಗಿಲು ತೆಗೆದಿದ್ದಳು. ಬಾಯ್ಲರ್ ಕೋಣೆ, ಇದ್ದಿಲ ಕಪ್ಪು, ಉರಿಯ ಗುಡುಗು, ಅದರಾಚೆ ಒಂದು ತಗಡಿನ ಬಾಗಿಲು, ರಾಡಿ ಹಿಮ, ಆಬಿದಾಳ ಹಳೇ ಕೊರೋಲಾ. ಹಿಂದೆ ಫುಮಿ, ಅವನ ಶೂ ಗೂಡಿನ ಬಿಲ್ಲೆ ಎಲ್ಲಿಟ್ಟೆನೆಂದು ತನಗೆ ಮರೆತುಹೋಗಿದೆ ಎಂದು ಧ್ರುವ್‌ಗೆ ವಿವರಿಸುತ್ತಿದ್ದಳು, ಬಹಳ ನಿಧಾನವಾಗಿ, ಒಂದೊಂದೇ ಪದ ಹುಡುಕಿ.

ಪೊಲೀಸ್ ಸ್ಟೇಷನ್ನು ಎರಡು ಸಿಗ್ನಲ್ ಆಚೆಗಿತ್ತು. ಬರುವಾಗ ನೋಡಿದ್ದಳು. ದಾರಿಯಲ್ಲಿ ಆಬಿದಾ ಬಾಯಿಗೆ ಬಂದ ದುವಾಗಳನ್ನೆಲ್ಲ ಹೇಳಿಕೊಂಡಳು. ನಡುನಡುವೆ, ತಾನು ಮಾಡುತ್ತಿರುವುದು ತಪ್ಪಾದರೆ ಈ ಹುಡುಗಿಯ ಬಾಳು ತನ್ನ ಕೈಯಲ್ಲೇ ಹಾಳಾದಂತಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಸ್ಟೇಷನ್ನಿನ ಮುಂದೆ ಕಾರು ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ. ನೀನು ಬೇಡ ಅಂದರೆ ಮುಂದೆ ಹೋಗೋಣ, ನಮ್ಮ ಮನೆಗೆ, ಎಲ್ಲಿಗಾದರೂ, ಪ್ಲೇನ್ಸ್‌ಬರೋಗೆ ಮಾತ್ರ ನಾನು ಬಿಡುವುದಿಲ್ಲ ಎಂದಳು. ಹಂಸಿನಿ ಮಡಿಲಲ್ಲಿ ಗುರ್ರೆನ್ನುತ್ತಿದ್ದ ಫೋನನ್ನೇ ನೋಡುತ್ತ ಕೂತಳು. ಒದ್ದೆ ಕೂದಲಿನಿಂದ ಹನಿ ಬಿದ್ದು ಗಾಜಿನ ಮೇಲಿನ ಅವನ ಹೆಸರು ಅಗಲವಾಯಿತು. ಆಮೇಲೆ ಅವಳೇ ಮೊದಲು ಬಾಗಿಲು ತೆಗೆದಳು.

ಒಳಗೆ ನಡುವಯಸ್ಸಿನ ಅಧಿಕಾರಿಣಿಯೊಬ್ಬಳು ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿ ಕಾಗದ ತೆಗೆದಳು. ಏನಾಯಿತು ಎಂದು ಹಂಸಿನಿಯನ್ನು ಕೇಳಿದಳು. ಹಂಸಿನಿ ಆಬಿದಾಳ ಕಡೆ ತಿರುಗಿ ತಲೆಯಾಡಿಸಿದಳು, ಹೇಳಿ ಎನ್ನುವಂತೆ. ನೀವು ಕಣ್ಣಾರೆ ನೋಡಿದ್ದೀರಾ ಎಂದು ಅಧಿಕಾರಿಣಿ ಆಬಿದಾಳನ್ನು ಕೇಳಿದಳು. ನೋಡಿದ್ದೇನೆ ಎಂದಳು ಆಬಿದಾ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಇಂಗ್ಲಿಷೆಲ್ಲ ಎಲ್ಲೋ ಹೋಗಿತ್ತು. ಕಣ್ಣು ಮುಚ್ಚಿದಳು. ಆಗ ಕೈಗೆ ನೆನಪಾಯಿತು.

ಬಲಭುಜದಿಂದ ಶುರು ಮಾಡಿದಳು. ಬಲಭುಜದಲ್ಲಿ ಏನಿಲ್ಲ. ಭುಜದ ಮೂಳೆಯ ಕೆಳಗೆ ಒಂದು, ಹಳೆಯದು. ಬಲಪಕ್ಕೆಯಲ್ಲಿ ಅಂಗೈಯಗಲದ್ದು. ಆಮೇಲೆ ಎಡಗಡೆ. ತೋಳಿನ ಹೊರಗೆ ನಾಲ್ಕು, ಒಳಗೆ ಒಂದು. ಪೆನ್ನು ಅವಳ ಹಿಂದೆಯೇ ಓಡುತ್ತಿತ್ತು. ಮುಗಿದ ಮೇಲೆ, ಒಂದೂ ಬಿಟ್ಟುಹೋಗಿಲ್ಲ ತಾನೆ ಎಂದು ಮತ್ತೆ ಬಲಗಡೆಯಿಂದ ಹೇಳಿದಳು.

ಮೂರನೆಯ ಸಲ ಎಡತೋಳಿಗೆ ಬರುವಾಗ ಹಂಸಿನಿ ಅವಳ ಲುಂಗಿಯ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡದ್ದು ಗೊತ್ತಾಗಿ ಆಬಿದಾ ಕಣ್ಣು ತೆರೆದಳು. ಮುಂಬಾಗಿಲಿನ ಗಾಜಿನಾಚೆ ಧ್ರುವ್ ನಿಂತಿದ್ದ. ಒಳಗೆ ಬರುತ್ತಿದ್ದ ಮುದುಕರೊಬ್ಬರಿಗೆ ಬಾಗಿಲು ಹಿಡಿದು ದಾರಿ ಬಿಡುತ್ತಿದ್ದ. ಅವರು ಏನೋ ಅಂದರು, ಅವನು ನಕ್ಕ. ಕಾಲಲ್ಲಿ ಸ್ನಾನದ ಮನೆಯ ಹಸಿರು ಪ್ಲಾಸ್ಟಿಕ್ ಚಪ್ಪಲಿ, ಕಾಲುಚೀಲ ಹಿಮದಲ್ಲಿ ನೆಂದು ಕಪ್ಪಾಗಿತ್ತು. ಆಬಿದಾಳನ್ನು ಕಂಡು ಕೈಮುಗಿದ.

ಅಧಿಕಾರಿಣಿ ತಲೆ ಎತ್ತಿರಲಿಲ್ಲ. ಎಡತೋಳು, ಎಂದಳು, ಮುಂದೆ?

ಆಬಿದಾ ಅವನಿಂದ ದೃಷ್ಟಿ ತೆಗೆಯದೆ ಹೇಳತೊಡಗಿದಳು.